ನಲವತ್ತು ಅಂಕಗಳ ಲೆಕ್ಕ

ಲಂಡನ್ ಮಹಾನಗರದ ಆಗ್ನೇಯ ಭಾಗದಲ್ಲಿ, ಥೇಮ್ಸ್ ನದಿಯ ದಕ್ಷಿಣ ದಡಕ್ಕೆ ಅನತಿದೂರದಲ್ಲಿ, ಚಾರ್ಲ್ಟನ್ ಎಂಬ ಬಡಾವಣೆಯಿದೆ. ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡ ಸಾಲುಮನೆಗಳ ಬೀದಿಗಳ ನಡುವೆ, ಹಳೆಯ ಗಣಿಯೊಂದರ ತಗ್ಗಿನಲ್ಲಿ, ಅಲ್ಲಿಯ ಕಾಲ್ಚೆಂಡಾಟದ ಮೈದಾನ. ತಗ್ಗಿನಲ್ಲಿರುವುದರಿಂದ ಅದಕ್ಕೆ ‘ವ್ಯಾಲಿ’, ಅಂದರೆ ಕಣಿವೆ, ಎಂದೇ ಹೆಸರು. 2006ನೆಯ ಇಸವಿ ಏಪ್ರಿಲ್ 29ರ ಶನಿವಾರ, ಸ್ವಂತ ನೆಲದಲ್ಲಿ ಆ ವರ್ಷದ ಕೊನೆಯ ಪಂದ್ಯವನ್ನು ನೋಡಲೆಂದು ಜನ ಅಲ್ಲಿಗೆ ನಡೆದರು. ಅದೇ ದಿನ ಸುದ್ದಿ ಹೊರಬಿತ್ತು: ಹದಿನೈದು ವರ್ಷಗಳಿಂದ ತಂಡವನ್ನು ನಡೆಸಿಕೊಂಡು ಬಂದಿದ್ದ ಅಲನ್ ಕರ್ಬಿಷ್ಲಿಯವರು ಚಾರ್ಲ್ಟನ್ ಅಥ್ಲೆಟಿಕ್ ಸಂಘವನ್ನು ಬಿಟ್ಟು ಹೊರಡುತ್ತಿದ್ದಾರೆ.

ದುಃಖಪಟ್ಟವರು ಅನೇಕರು. ಆದರೆ ‘ಸದ್ಯ, ಇನ್ನಾದರೂ ಹೊಸ ಗಾಳಿ ಬೀಸೀತು’ ಎಂದು ಒಳಗೊಳಗೇ ಸಮಾಧಾನಪಟ್ಟವರೂ ಕಡಿಮೆಯಿರಲಿಲ್ಲ. ಆ ಸಮಾಧಾನದ ಬೆಲೆ ಎಷ್ಟಾಯಿತು ಎಂಬುದನ್ನು ಚಾರ್ಲ್ಟನ್ನಿನ ಅಭಿಮಾನಿಗಳು ಅಂದಿನಿಂದ ಇಂದಿನವರೆಗೂ ಲೆಕ್ಕಹಾಕುತ್ತಲೇ ಇದ್ದಾರೆ.

ಮ್ಯಾನೇಜರು ಎಂದೊಡನೆ ನಮ್ಮಲ್ಲಿ ಬ್ಯಾಂಕಿನ ಗಾಜಿನ ಕೋಣೆಯೊಳಗೆ ಕುಳಿತ ವ್ಯಕ್ತಿಯ ಚಿತ್ರ ಕಣ್ಣಮುಂದೆ ಬರುತ್ತದೆ. ಇಂಗ್ಲೆಂಡಿನ ಕಾಲ್ಚೆಂಡಾಟದಲ್ಲಿ ಆ ಪದದ ಹೊರೆ ಬೇರೆ. ಹನ್ನೊಂದು ಮಂದಿಯನ್ನು ಆರಿಸುವವರು, ಅವರನ್ನು ಪಳಗಿಸುವವರು, ಯಾರನ್ನು ಕೊಳ್ಳಬೇಕು ಯಾರನ್ನು ಮಾರಬೇಕು ಎಂದು ತೂಗಿ ನೋಡುವವರು, ಸೋತ ಸಂಜೆ ಪತ್ರಕರ್ತರ ಮುಂದೆ ತಲೆಯೊಡ್ಡುವವರು, ಎಲ್ಲವೂ ಅವರೇ. ಗೆದ್ದರೆ ಕೀರ್ತಿ ಆಟಗಾರರಿಗೆ. ಸೋತರೆ ಕೆಲಸ ಹೋಗುವುದು ಮ್ಯಾನೇಜರಿಗೆ. ಅಂಥ ಕುರ್ಚಿಯಲ್ಲಿ ಹದಿನೈದು ವರ್ಷ ಕುಳಿತವರು ಆ ದೇಶದಲ್ಲಿ ಬೆರಳೆಣಿಕೆಯಷ್ಟು ಮಂದಿ.

ಕರ್ಬಿಷ್ಲಿಯವರು ಆ ಕುರ್ಚಿಯನ್ನೇರಿದಾಗ ಅದನ್ನು ಇಡಲು ಸ್ವಂತ ನೆಲವೂ ಸಂಘಕ್ಕಿರಲಿಲ್ಲ. 1919ರಲ್ಲಿ ಅಭಿಮಾನಿಗಳೂ ಕೈಜೋಡಿಸಿ ಹದಗೊಳಿಸಿದ್ದ ವ್ಯಾಲಿ ಮೈದಾನವನ್ನು 1985ರಲ್ಲಿ ಸಂಘವು ತೊರೆದಿತ್ತು. ಮೊದಲು ಕ್ರಿಸ್ಟಲ್ ಪ್ಯಾಲೆಸ್ ಸಂಘದ ಅಂಗಳದಲ್ಲಿ, ಆಮೇಲೆ ವೆಸ್ಟ್ ಹ್ಯಾಮ್ ಸಂಘದ ಅಂಗಳದಲ್ಲಿ ಬಾಡಿಗೆದಾರರಂತೆ ಆಡುವ ಗತಿ. ಇತ್ತ ಖಾಲಿ ಮೈದಾನದಲ್ಲಿ ಕಳೆ ಬೆಳೆಯಿತು. ಅಭಿಮಾನಿಗಳು ಸುಮ್ಮನೆ ಕೂರಲಿಲ್ಲ. ಮೈದಾನವನ್ನು ಮತ್ತೆ ಕಟ್ಟಲು ಸ್ಥಳೀಯ ಆಡಳಿತ ಒಪ್ಪದಿದ್ದಾಗ ‘ವ್ಯಾಲಿ ಪಕ್ಷ’ ಎಂಬ ರಾಜಕೀಯ ಪಕ್ಷವನ್ನೇ ಕಟ್ಟಿ 1990ರ ಗ್ರಿನಿಚ್ ಚುನಾವಣೆಗೆ ನಿಂತರು. ಒಂದು ಸ್ಥಾನವೂ ದಕ್ಕಲಿಲ್ಲ. ಆದರೆ ಬಿದ್ದ 14,838 ಮತಗಳನ್ನು ನೋಡಿದ ಆಡಳಿತಗಾರರ ಮನಸ್ಸು ಮೆದುವಾಯಿತು. ಆಟದ ಮೈದಾನಕ್ಕಾಗಿ ಮತಯಾಚನೆ ಮಾಡಿದ ಇಂಥ ಜನರ ಪ್ರೀತಿ ಎಷ್ಟು ಗಾಢವೋ, ಅವರ ಅಸಮಾಧಾನವೂ ಅಷ್ಟೇ ಗಾಢವಾಗಿರುವುದು ಸಹಜ.

1991ರಲ್ಲಿ ಕರ್ಬಿಷ್ಲಿಯವರೂ ಸ್ಟೀವ್ ಗ್ರಿಟ್ ಅವರೂ ಜೋಡಿ ಮ್ಯಾನೇಜರುಗಳಾಗಿ ನೇಮಕಗೊಂಡರು. ಮರುವರ್ಷ ಡಿಸೆಂಬರ್ 5ರಂದು ಎಂಟು ಸಾವಿರಕ್ಕೂ ಮಿಕ್ಕ ಜನರ ಎದುರು ತಂಡ ವ್ಯಾಲಿಗೆ ಮರಳಿತು. ಕಾಲಿನ್ ವಾಲ್ಷ್ ಹೊಡೆದ ಒಂದೇ ಗೋಲಿನಿಂದ ಪೋರ್ಟ್ಸ್‌ಮತ್ ತಂಡವನ್ನು ಸೋಲಿಸಿತು. ಆ ದಿನಗಳ ಬಡತನ ಎಂಥದೆಂದರೆ, ಮರಳುವ ಕೆಲವೇ ತಿಂಗಳ ಮೊದಲು ಒಳ್ಳೆಯ ಆಟಗಾರ ರಾಬ್ ಲೀಯನ್ನು ಏಳು ಲಕ್ಷ ಪೌಂಡುಗಳಿಗೆ ನ್ಯೂಕಾಸಲ್‌ಗೆ ಮಾರಬೇಕಾಗಿತ್ತು. 1995ರಲ್ಲಿ ಗ್ರಿಟ್ ಅವರನ್ನು ಬಿಡಿಸಿ, ಹೊಣೆಯನ್ನೆಲ್ಲ ಕರ್ಬಿಷ್ಲಿಯವರೊಬ್ಬರಿಗೇ ವಹಿಸಲಾಯಿತು.

1998ನೆಯ ಮೇ 25ರಂದು ವೆಂಬ್ಲಿಯಲ್ಲಿ ನಡೆದ ಪಂದ್ಯವನ್ನು ಚಾರ್ಲ್ಟನ್ನಿನ ಹಿರಿಯರು ಮೊಮ್ಮಕ್ಕಳಿಗೆ ಕಥೆಯಾಗಿ ಹೇಳಬಹುದು. ಮೇಲ್ದರ್ಜೆಗೆ ಏರುವವರು ಯಾರೆಂದು ನಿರ್ಧರಿಸುವ ಅಂತಿಮ ಪಂದ್ಯ, ಎದುರಾಳಿ ಸಂಡರ್ಲೆಂಡ್. ಚಾರ್ಲ್ಟನ್ ಪರವಾಗಿ ಮೂರು ಗೋಲು ಹೊಡೆದ ಕ್ಲೈವ್ ಮೆಂಡೋನ್ಸಾ ಬೆಳೆದದ್ದು ಸಂಡರ್ಲೆಂಡ್ ಊರಿನಲ್ಲೇ, ಬಾಲ್ಯದಿಂದ ಪ್ರೀತಿಸಿದ್ದು ಆ ತಂಡವನ್ನೇ! ಆಟ ಮುಗಿಯಲು ಐದೇ ನಿಮಿಷವಿದ್ದಾಗ ರಿಚರ್ಡ್ ರೂಫಸ್ ತಲೆಯಿಂದ ಚೆಂಡನ್ನು ಬಲೆಗೆ ತಳ್ಳಿದ. ಚಾರ್ಲ್ಟನ್ ಪರವಾಗಿ ಅದು ಅವನ ಮೊತ್ತಮೊದಲ ಗೋಲು. ಹೆಚ್ಚುವರಿ ವೇಳೆಯೂ ಮುಗಿದಾಗ ಎರಡೂ ಕಡೆ ನಾಲ್ಕು ನಾಲ್ಕು. ಪೆನಾಲ್ಟಿ ಹೊಡೆತಗಳು ಆರಂಭವಾಗಿ ಒಬ್ಬರೂ ತಪ್ಪದೆ ಏಳು-ಆರಕ್ಕೆ ಬಂದು ನಿಂತಾಗ, ಮೈಕೆಲ್ ಗ್ರೇ ಒದ್ದ ಚೆಂಡನ್ನು ಗೋಲ್‌ಕೀಪರ್ ಸಾಶಾ ಇಲಿಚ್ ಬಾಚಿ ತಬ್ಬಿಕೊಂಡ. ಬಾಡಿಗೆ ಅಂಗಳದಿಂದ ಬಂದ ಸಂಘ ದೇಶದ ಅತ್ಯುಚ್ಚ ದರ್ಜೆಗೆ ಕಾಲಿಟ್ಟಿತು.

ಮರುವರ್ಷವೇ ತಂಡ ಕೆಳಗಿಳಿಯಿತು. ಬೇರೆ ಸಂಘವಾಗಿದ್ದರೆ ಮ್ಯಾನೇಜರಿಗೆ ಆಗಲೇ ವಿದಾಯ ಹೇಳುತ್ತಿತ್ತು. ಚಾರ್ಲ್ಟನ್ ಹಾಗೆ ಮಾಡಲಿಲ್ಲ. 2000ದಲ್ಲಿ 91 ಅಂಕಗಳೊಡನೆ ಎರಡನೆಯ ದರ್ಜೆಯ ಪ್ರಶಸ್ತಿಯನ್ನೇ ಗೆದ್ದು ತಂಡ ಮತ್ತೆ ಮೇಲೇರಿತು.

ಇಲ್ಲಿಂದ ಮುಂದಿನ ಕಥೆಯ ಕೇಂದ್ರ ಒಂದು ಸಂಖ್ಯೆ. ಇಂಗ್ಲೆಂಡಿನ ಮೇಲ್ದರ್ಜೆಯಲ್ಲಿ ಇಪ್ಪತ್ತು ತಂಡಗಳು. ಗೆದ್ದರೆ ಮೂರು ಅಂಕ, ಸಮವಾದರೆ ಒಂದು. ವರ್ಷದ ಕೊನೆಯಲ್ಲಿ ತಳದ ಮೂರು ತಂಡಗಳು ಕೆಳಗಿಳಿಯಬೇಕು. ಅವುಗಳೊಡನೆ ಆದಾಯವೂ ಇಳಿಯುತ್ತದೆ. ನಲವತ್ತು ಅಂಕಗಳನ್ನು ಕೂಡಿಸಿದವರಿಗೆ ಭಯವಿಲ್ಲ ಎಂಬುದು ಅಲ್ಲಿ ರೂಢಿಯ ಮಾತು. ಕರ್ಬಿಷ್ಲಿಯವರ ತಂಡ ಸತತವಾಗಿ ಆರು ವರ್ಷ ಆ ಗೆರೆಯನ್ನು ದಾಟಿತು: 52, 44, 49, 53, 46, 47. ಸ್ಥಾನಗಳು ಒಂಬತ್ತು, ಹದಿನಾಲ್ಕು, ಹನ್ನೆರಡು, ಏಳು, ಹನ್ನೊಂದು, ಹದಿಮೂರು. ಸುಮಾರು ಇಪ್ಪತ್ತೇಳು ಸಾವಿರ ಆಸನಗಳ ಮೈದಾನದ ಸಣ್ಣ ಸಂಘವೊಂದು ಮ್ಯಾಂಚೆಸ್ಟರ್, ಲಿವರ್‌ಪೂಲ್‌ನ ಧನಿಕರ ಸಾಲಿನಲ್ಲಿ ಮರ್ಯಾದೆಯಿಂದ ಬಾಳಿದ ಕಾಲ ಅದು.

ಆದರೆ ಮರ್ಯಾದೆಯ ಬಾಳು ಕೆಲವು ವರ್ಷಗಳಲ್ಲಿ ನೀರಸವಾಗಿ ತೋರತೊಡಗುತ್ತದೆ. ಹೊಸದಾಗಿ ಮನೆಗೆ ವಿದ್ಯುತ್ ದೀಪ ಬಂದ ದಿನ ಮಕ್ಕಳು ಕುಣಿದಾಡುತ್ತಾರೆ. ವರ್ಷ ಕಳೆದರೆ ಒಂದು ಗಳಿಗೆ ದೀಪ ಆರಿದ್ದಕ್ಕೆ ಮನೆಮಂದಿಯೆಲ್ಲ ರೇಗುತ್ತಾರೆ. ಚಾರ್ಲ್ಟನ್ನಿನ ತಂಡ ಶರತ್ಕಾಲದಲ್ಲಿ ಹುರುಪಿನಿಂದ ಗೆದ್ದು, ನಲವತ್ತರ ಸಮೀಪ ಬಂದೊಡನೆ ವಸಂತದಲ್ಲಿ ಮಂಕಾಗುತ್ತದೆ ಎಂಬ ದೂರು ಹುಟ್ಟಿತು. ದೂರು ಪೂರ್ತಿ ಸುಳ್ಳಾಗಿರಲಿಲ್ಲ. 2005ರ ಆಗಸ್ಟ್ ತಿಂಗಳಲ್ಲಿ ಆರಂಭವಾದ ಲೀಗಿನ ಮೊದಲ ನಾಲ್ಕು ಪಂದ್ಯಗಳನ್ನೂ ಗೆದ್ದ ತಂಡ ಕೊನೆಗೆ ನಿಂತದ್ದು ಹದಿಮೂರನೆಯ ಸ್ಥಾನದಲ್ಲಿ. ‘ಇದಕ್ಕಿಂತ ಮೇಲೆ ಇವರು ಒಯ್ಯಲಾರರು’ ಎಂಬ ಮಾತು ಬೀದಿಯಲ್ಲೂ ಬಾನುಲಿಯಲ್ಲೂ ಕೇಳಿಬಂತು. ಹಿತ್ತಲ ಗಿಡ ಮದ್ದಲ್ಲ ಎಂಬುದು ಥೇಮ್ಸ್ ದಡದಲ್ಲೂ ನಿಜ.

ಮೇಲಕ್ಕೊಯ್ಯುವ ಅವಕಾಶ ಬಂದದ್ದೂ ಉಂಟು, ಕೈತಪ್ಪಿದ್ದೂ ಉಂಟು. 2003ರ ಡಿಸೆಂಬರ್ 26ರಂದು ಧನಿಕ ಚೆಲ್ಸಿ ತಂಡವನ್ನು ವ್ಯಾಲಿಯಲ್ಲಿ ನಾಲ್ಕು-ಎರಡರಿಂದ ಮಣಿಸಿದ ಚಾರ್ಲ್ಟನ್ ನಾಲ್ಕನೆಯ ಸ್ಥಾನದ ಸುತ್ತ ಸುಳಿಯುತ್ತಿತ್ತು. ಯುರೋಪಿನ ದೊಡ್ಡ ಸ್ಪರ್ಧೆ ಕೈಗೆಟಕುವಂತೆ ತೋರಿತು. ತಿಂಗಳು ಕಳೆಯುವಷ್ಟರಲ್ಲಿ, ಸಂಘದಲ್ಲೇ ಬೆಳೆದ ಯುವಕ ಸ್ಕಾಟ್ ಪಾರ್ಕರ್‌ನನ್ನು ಅದೇ ಚೆಲ್ಸಿ ಒಂದು ಕೋಟಿ ಪೌಂಡುಗಳಿಗೆ ಕೊಂಡೊಯ್ದಿತು. ತಂಡ ಏಳನೆಯದಾಯಿತು. ಮ್ಯಾನೇಜರ ಸಾಮರ್ಥ್ಯಕ್ಕೆ ಮಿತಿಯಿದೆ ಎಂದವರು ಈ ಮಾರಾಟವನ್ನು ಲೆಕ್ಕದಿಂದ ಬಿಟ್ಟುಬಿಡುವುದು ನ್ಯಾಯವಲ್ಲ.

ಅಗಲಿಕೆಯನ್ನು ಬರಿಯ ಜನರ ಗೊಣಗಾಟದ ಮೇಲೆ ಹೊರಿಸುವುದೂ ಸರಿಯಲ್ಲ. 2006ರ ವಸಂತದಲ್ಲಿ ಕರ್ಬಿಷ್ಲಿಯವರ ಕರಾರಿಗೆ ಇನ್ನೊಂದೇ ವರ್ಷ ಉಳಿದಿತ್ತು. ಇಂಗ್ಲೆಂಡಿನ ರಾಷ್ಟ್ರೀಯ ತಂಡದ ಹುದ್ದೆಗೆ ಅವರ ಹೆಸರೂ ಪರಿಶೀಲನೆಯಲ್ಲಿತ್ತು. ಕೊನೆಗೆ ಅದು ಸ್ಟೀವ್ ಮೆಕ್ಲಾರೆನ್ ಅವರಿಗೆ ಸಿಕ್ಕಿತು. ದೀರ್ಘ ದಾಂಪತ್ಯದಲ್ಲಿ ಇಬ್ಬರಿಗೂ ಮಾತು ತೀರಿದಂಥ ಸ್ಥಿತಿ. ಅವರನ್ನು ಯಾರೂ ಹೊರದಬ್ಬಲಿಲ್ಲ. ಉಭಯರ ಒಪ್ಪಿಗೆಯಿಂದಲೇ ಬಾಗಿಲು ಮುಚ್ಚಿತು.

ತೆರೆದ ಹೊಸ ಬಾಗಿಲಿನಿಂದ ಬಂದವರು ಇಯನ್ ಡೌವಿ. ನೆರೆಯ ವೈರಿ ಕ್ರಿಸ್ಟಲ್ ಪ್ಯಾಲೆಸ್ ಸಂಘವನ್ನು ಆಗತಾನೆ ಬಿಟ್ಟಿದ್ದ ಅವರಿಗೆ, ಸ್ವಾಗತದ ಪತ್ರಿಕಾಗೋಷ್ಠಿಯಲ್ಲೇ ಆ ಸಂಘದ ಅಧ್ಯಕ್ಷರ ಕಡೆಯಿಂದ ನ್ಯಾಯಾಲಯದ ಕಾಗದ ಬಂದು ಕೈಸೇರಿತು. ಶಕುನವೇ ಚೆನ್ನಾಗಿರಲಿಲ್ಲ. ನವೆಂಬರ್ ಮಧ್ಯಕ್ಕೆ ಡೌವಿ ಹೋದರು. ಅನಂತರ ಬಂದ ಲೆಸ್ ರೀಡ್ ಉಳಿದದ್ದು ಆರು ವಾರ. ಅಷ್ಟರಲ್ಲಿ ನಾಲ್ಕನೆಯ ದರ್ಜೆಯ ವೈಕಮ್ ತಂಡ ವ್ಯಾಲಿಗೇ ಬಂದು ಲೀಗ್ ಕಪ್ ಪಂದ್ಯವನ್ನು ಗೆದ್ದುಕೊಂಡು ಹೋಯಿತು. ಕ್ರಿಸ್ಮಸ್ಸಿನ ಮುನ್ನಾದಿನ ರೀಡ್ ಅವರೂ ತೆರಳಿ ಅಲನ್ ಪಾರ್ಡ್ಯೂ ಬಂದರು. ಹದಿನೈದು ವರ್ಷ ಕರ್ಬಿಷ್ಲಿಯವರು ಕುಳಿತಿದ್ದ ಕುರ್ಚಿಗೆ ಏಳು ತಿಂಗಳಲ್ಲಿ ಮೂವರು!

ವಿಧಿಯ ವಿನೋದ ಇಷ್ಟಕ್ಕೇ ನಿಲ್ಲಲಿಲ್ಲ. ಪಾರ್ಡ್ಯೂ ಅವರನ್ನು ಅದೇ ಡಿಸೆಂಬರಿನಲ್ಲಿ ಕೆಲಸದಿಂದ ತೆಗೆದಿದ್ದದ್ದು ವೆಸ್ಟ್ ಹ್ಯಾಮ್. ಅವರ ಸ್ಥಾನಕ್ಕೆ ಅದು ಕರೆಸಿಕೊಂಡದ್ದು ಬೇರಾರನ್ನೂ ಅಲ್ಲ, ಕರ್ಬಿಷ್ಲಿಯವರನ್ನೇ. ಎರಡೂ ತಂಡಗಳು ತಳದಲ್ಲಿ ಒದ್ದಾಡುತ್ತಿದ್ದವು. 2007ರ ಫೆಬ್ರವರಿ 24ರಂದು ಕರ್ಬಿಷ್ಲಿ ಎದುರಾಳಿಯಾಗಿ ವ್ಯಾಲಿಗೆ ಬಂದಾಗ ಚಾರ್ಲ್ಟನ್ ನಾಲ್ಕು-ಸೊನ್ನೆಯಿಂದ ಗೆದ್ದಿತು. ‘ನೋಡಿದಿರಾ, ಹೋದದ್ದೇ ಒಳ್ಳೆಯದಾಯಿತು’ ಎನ್ನುವವರಿಗೆ ಅಂದು ಬಾಯಿ ಬಂದಿತ್ತು. ಆಮೇಲೆ ವೆಸ್ಟ್ ಹ್ಯಾಮ್ ಕೊನೆಯ ಒಂಬತ್ತು ಪಂದ್ಯಗಳಲ್ಲಿ ಏಳನ್ನು ಗೆದ್ದಿತು. ಅಂತಿಮ ದಿನ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಅದರ ಅಂಗಳದಲ್ಲೇ ಸೋಲಿಸಿ 41 ಅಂಕಗಳೊಡನೆ ಬದುಕುಳಿಯಿತು. ಗೆಲುವಿನ ಗೋಲು ಹೊಡೆದ ಕಾರ್ಲೋಸ್ ತೆವೆಸ್‌ನ ಕರಾರಿನ ಬಗೆಗೆ ಆ ಸಂಘಕ್ಕೆ ಭಾರಿ ದಂಡ ಬಿದ್ದಿತ್ತೆಂಬುದನ್ನೂ ಹೇಳದಿದ್ದರೆ ಕಥೆ ಅಪೂರ್ಣ. ಚಾರ್ಲ್ಟನ್ ಮಾತ್ರ 34 ಅಂಕಗಳಿಗೆ ನಿಂತು ಕೆಳಗಿಳಿಯಿತು. ನಲವತ್ತೆಂದು ಹಗುರವಾಗಿ ಆಡಿದ್ದ ಸಂಖ್ಯೆ ಎಷ್ಟು ಎತ್ತರದಲ್ಲಿದೆಯೆಂದು ಆಗ ಕಂಡಿತು.

ಇಳಿಜಾರು ಅಲ್ಲಿಗೆ ಮುಗಿಯಲಿಲ್ಲ. ಕರ್ಬಿಷ್ಲಿಯವರು ಅಗ್ಗಕ್ಕೆ ತಂದು, ಮೊದಲ ವರ್ಷವೇ ಲೀಗಿನಲ್ಲಿ 18 ಗೋಲು ಹೊಡೆದಿದ್ದ ಡ್ಯಾರೆನ್ ಬೆಂಟ್‌ನನ್ನು 2007ರಲ್ಲಿ ಮಾರಬೇಕಾಯಿತು. 2009ರಲ್ಲಿ ತಂಡ ಮೂರನೆಯ ದರ್ಜೆಗೆ ಕುಸಿಯಿತು. 2012ರಲ್ಲಿ ಕ್ರಿಸ್ ಪೊವೆಲ್ 101 ಅಂಕಗಳೊಡನೆ ಒಂದು ಮೆಟ್ಟಿಲು ಮೇಲಕ್ಕೆತ್ತಿದರು. ಅವರು ಕರ್ಬಿಷ್ಲಿಯವರ ಕೈಕೆಳಗೆ ಆಡಿದವರು. ಮತ್ತೆ 2016ರಲ್ಲಿ ಇಳಿತ. ಆ ವರ್ಷಗಳಲ್ಲಿ ಬೆಲ್ಜಿಯಮ್ಮಿನ ಒಡೆಯರ ವಿರುದ್ಧ ಅಭಿಮಾನಿಗಳು ಮೈದಾನಕ್ಕೆ ಪ್ಲಾಸ್ಟಿಕ್ಕಿನ ಹಂದಿಮರಿಗಳನ್ನು ಎಸೆದು ಆಟವನ್ನೇ ನಿಲ್ಲಿಸಿದರು. ಹಿಂದೆ ಹದಿಮೂರನೆಯ ಸ್ಥಾನಕ್ಕೆ ಮುನಿಸಿಕೊಂಡ ಜನ ಇವರೇ ಏನು ಎನಿಸುವುದು ಸಹಜ! 2019ರಲ್ಲಿ ಏರಿ, 2020ರಲ್ಲಿ ಒಂದೇ ಅಂಕದ ಕೊರತೆಯಿಂದ ಇಳಿದು, 2025ರ ಮೇ ತಿಂಗಳಲ್ಲಿ ವೆಂಬ್ಲಿಯಲ್ಲಿ ಲೇಟನ್ ಓರಿಯಂಟ್ ತಂಡವನ್ನು ಮಣಿಸಿ ಮತ್ತೆ ಎರಡನೆಯ ದರ್ಜೆಗೆ ಏರಿತು. ಈ ನಡುವೆ ಬಂದು ಹೋದ ಮ್ಯಾನೇಜರುಗಳು ಹದಿನೈದಕ್ಕೂ ಹೆಚ್ಚು.

ಇಂಗ್ಲೆಂಡಿನಲ್ಲಿ ಯಾವುದೇ ಊರಿನ ಅಭಿಮಾನಿಗಳು ಮ್ಯಾನೇಜರ ಮೇಲೆ ಬೇಸರಗೊಂಡಾಗ ‘ಚಾರ್ಲ್ಟನ್ನಿನ ಗತಿ ನೆನಪಿಡಿ’ ಎಂದು ಎಚ್ಚರಿಸುವುದು ಒಂದು ವಾಡಿಕೆಯೇ ಆಯಿತು. ಚಾರ್ಲ್ಟನ್ನಿನವರಿಗೇ ಈ ಉಪದೇಶ ಹಿಡಿಸದು. ಅವರ ಆಕ್ಷೇಪಣೆಯಲ್ಲಿ ಹುರುಳಿದೆ. ಮ್ಯಾನೇಜರನ್ನು ಬದಲಿಸಿದವರೆಲ್ಲ ಕೆಡಲಿಲ್ಲ. 2013ರಲ್ಲಿ ಟೋನಿ ಪ್ಯೂಲಿಸ್ ಅವರನ್ನು ಬೀಳ್ಕೊಟ್ಟ ಸ್ಟೋಕ್ ಸಂಘ ಮುಂದಿನ ಮೂರು ವರ್ಷ ಒಂಬತ್ತನೆಯ ಸ್ಥಾನ ಗಳಿಸಿತು. ಅದು ಬಿದ್ದದ್ದು 2018ರಲ್ಲಿ. ಚಾರ್ಲ್ಟನ್ನನ್ನು ಕೆಡಿಸಿದ್ದು ಅಭಿಮಾನಿಗಳ ಬೇಸರವಲ್ಲ, ಉತ್ತರಾಧಿಕಾರಿಯನ್ನು ಆರಿಸುವಲ್ಲಿ ತೋರಿದ ಆತುರ, ಆ ಬೇಸಗೆಯಲ್ಲಿ ಖರ್ಚಾದ ಹಣ, ಆಮೇಲೆ ಒಬ್ಬರಿಂದೊಬ್ಬರಿಗೆ ಕೈಬದಲಾದ ಒಡೆತನ. ಕರ್ಬಿಷ್ಲಿಯವರೇ ಉಳಿದಿದ್ದರೂ ಏಳನೆಯ ವರ್ಷ ನಲವತ್ತು ದಾಟುತ್ತಿತ್ತೆಂಬ ಖಾತರಿಯಿಲ್ಲ. ಹಾಗೆಂದು ಹಳೆಯ ದೂರು ನಿಲ್ಲುವುದೂ ಇಲ್ಲ. ಇಲ್ಲಿಗಿಂತ ಮೇಲೆ ಒಯ್ಯಲಾರರು ಎಂದಿದ್ದರಲ್ಲ, ‘ಇಲ್ಲಿ’ ಎಂಬ ಆ ಎತ್ತರಕ್ಕೆ ಮೆಟ್ಟಿಲು ಕಟ್ಟಿದವರು ಅವರೇ. ನೋಡುವವರ ಕಣ್ಣಿಗೆ ಅದು ನೆಲದಂತೆ ಕಾಣಿಸಿತು. ಅವರ ಕೆಲಸದ ಅಚ್ಚುಕಟ್ಟು ಅಂಥದು.

ವೆಸ್ಟ್ ಹ್ಯಾಮ್‌ನಲ್ಲಿ ತಮ್ಮ ಮಾತು ಮೀರಿ ಆಟಗಾರರನ್ನು ಮಾರಿದರೆಂದು 2008ರ ಸೆಪ್ಟೆಂಬರಿನಲ್ಲಿ ಕರ್ಬಿಷ್ಲಿ ರಾಜೀನಾಮೆಯಿತ್ತರು. ಮರುವರ್ಷ ವ್ಯಾಜ್ಯದಲ್ಲಿ ತೀರ್ಪು ಅವರ ಪರವಾಗಿ ಬಂತು. ಆಮೇಲೆ ಯಾವ ತಂಡಕ್ಕೂ ಅವರು ಮ್ಯಾನೇಜರಾಗಲಿಲ್ಲ. ಅವರ ವೃತ್ತಿಯ ಬಹುಪಾಲು ಒಂದೇ ಊರಿನಲ್ಲಿ ಕಳೆಯಿತು. ಅವರ ಬೆಲೆಯೂ ಆ ಊರಿಗೇ ಹೆಚ್ಚು ತಿಳಿದದ್ದು.

ವ್ಯಾಲಿಯ ಪೂರ್ವದ ಪ್ರೇಕ್ಷಕಾಂಗಣಕ್ಕೆ ಈಗ ಅಲನ್ ಕರ್ಬಿಷ್ಲಿಯವರ ಹೆಸರಿದೆ. ಅವರು ಹೋದ ಮೇಲೆ ಹುಟ್ಟಿದ ಹುಡುಗರು ತಂದೆಯ ಕೈಹಿಡಿದು ಅದರೊಳಗೆ ಬಂದು ಕೂರುತ್ತಾರೆ. ಆ ಮೈದಾನದಲ್ಲಿ ಮೇಲ್ದರ್ಜೆಯ ಪಂದ್ಯವನ್ನು ಅವರು ಒಂದನ್ನೂ ನೋಡಿಲ್ಲ. ಹದಿಮೂರನೆಯ ಸ್ಥಾನಕ್ಕೆ ಅಪ್ಪ ಯಾಕೆ ಮುನಿದಿದ್ದ ಎಂದು ಅವರು ಕೇಳಿದರೆ, ವಿವರಿಸಿ ಹೇಳುವುದು ಅಪ್ಪನಿಗೆ ಸ್ವಲ್ಪ ಕಷ್ಟವೇ.