ಕೋವಿಯ ಟ್ರಿಗರ್ ಹಗುರ ಮಾಡಿಸಲು ಹೋಗಿ...

ನಮ್ಮಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಜೋಡುನಳಿಗೆ ತೋಟೆಕೋವಿ ಒಂದಿದೆ. ತಂದೆಯವರ ಕಾಲದ್ದು. ಬಳಕೆ ಹೆಚ್ಚಾಗಿ ಮಂಗಗಳನ್ನು ಹೆದರಿಸಲು, ಗಾಳಿಗೆ ಒಂದು ಈಡು. ಇತ್ತೀಚೆಗೆ ಅದರ ಟ್ರಿಗರ್ ವಿಪರೀತ ಬಿಗಿಯಾಗಿತ್ತು. ನನ್ನ ಬೆರಳ ಗಂಟು ನೋವು ಬೇರೆ. ಎಳೆಯುವಷ್ಟರಲ್ಲಿ ಮಂಗ ಆಚೆ ತೋಟದಲ್ಲಿ!

ಪಂಪು, ಸ್ಪ್ರೇಯರ್ ರಿಪೇರಿಗೆ ಹೋಗುವ ವರ್ಕ್‌ಶಾಪಿನಲ್ಲಿ ಈ ಮಾತೆತ್ತಿದೆ. "ಅಣ್ಣಾ, ರಿವಾಲ್ವರಿಗೆ ಸಪೂರ ಸ್ಪ್ರಿಂಗ್ ಹಾಕಿ ಹಗುರ ಮಾಡ್ತಾರಂತೆ. ಇದಕ್ಕೂ ಮಾಡುವ" ಅಂದ. ಸ್ಪ್ರೇಯರಿನ ಗನ್ನನ್ನು ಸರಿ ಮಾಡಿಕೊಟ್ಟವನಲ್ಲವೇ, ನಂಬಿದೆ. ಎರಡು ದಿನದಲ್ಲಿ ಕೋವಿ ಬಂತು. ಟ್ರಿಗರ್ ಬೆಣ್ಣೆಯ ಹಾಗೆ. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ವಾರ ಕಳೆದಿಲ್ಲ. ಬೆಳಿಗ್ಗೆ ಬೊಂಡಕ್ಕೆ ಬಂದ ಮಂಗಗಳ ಹಿಂದೆ ಹೋಗಿ, ಅವು ಸಿಗದೆ ವಾಪಸು ಬಂದೆ. ತೋಟೆ ತೆಗೆಯಬೇಕಿತ್ತು, ತೆಗೆಯಲಿಲ್ಲ. ಸೇಫ್ಟಿ ಹಾಕಿದ್ದೇನಲ್ಲ ಎಂಬ ಧೈರ್ಯ. ಜಗಲಿಯ ಮೂಲೆಗೆ ಕೋವಿಯ ಬುಡ ಊರಿದೆ ಅಷ್ಟೆ, ಎಡನಳಿಗೆ ಹಾರಿಯೇ ಬಿಟ್ಟಿತು. ಟ್ರಿಗರಿಗೆ ಬೆರಳು ತಾಗಿರಲಿಲ್ಲ. ಹಂಚು ಪುಡಿಪುಡಿ. ಹೆಂಡತಿ ಅಕ್ಕಚ್ಚಿನ ಬಾಲ್ದಿ ಹಿಡಿದು ಅದೇ ಜಗಲಿ ದಾಟಿ ಹಟ್ಟಿಗೆ ಇಳಿದು ಒಂದು ನಿಮಿಷ ಆಗಿತ್ತೋ ಇಲ್ಲವೋ. ಆ ದಿನ ನನಗೆ ಊಟ ಇಳಿಯಲಿಲ್ಲ.

ಮರುದಿನವೇ ಪೇಟೆಯ ಲೈಸೆನ್ಸ್ ಇರುವ ಕೋವಿ ರಿಪೇರಿಯವರಲ್ಲಿಗೆ ಹೋದೆ. ಅವರು ಬಿಚ್ಚಿ ತೋರಿಸಿದರು. ಕೋವಿ ಮಡಚಿದಾಗ ಒಳಗಿನ ಕುದುರೆ ಹಿಂದಕ್ಕೆ ಹೋಗಿ, ಒಂದು ಕೊಕ್ಕೆ ಅದರ ಕಚ್ಚಿನಲ್ಲಿ ಕೂತು ತಡೆದು ನಿಲ್ಲಿಸುತ್ತದೆ. ಟ್ರಿಗರ್ ಮಾಡುವುದು ಆ ಕೊಕ್ಕೆ ಬಿಡಿಸುವ ಕೆಲಸ. ನಮ್ಮವ ಕೊಕ್ಕೆಯನ್ನು ಒತ್ತಿ ಹಿಡಿಯುವ ಪುಟ್ಟ ಸ್ಪ್ರಿಂಗಿಗೆ ಸಪೂರ ತಂತಿ ಹಾಕಿದ್ದ, ಕಚ್ಚನ್ನೂ ಅರದಲ್ಲಿ ಉಜ್ಜಿದ್ದ. ಹಾಗಾಗಿ ಬುಡಕ್ಕೆ ಪೆಟ್ಟಾದರೆ ಸಾಕು, ಕೊಕ್ಕೆ ಜಾರುತ್ತದೆ.

"ಮತ್ತೆ ಸೇಫ್ಟಿ?" ಕೇಳಿದೆ. ಇಂಥ ಹೆಚ್ಚಿನ ಜೋಡುನಳಿಗೆಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ, ಕುದುರೆಯನ್ನಲ್ಲವಂತೆ. ಇಷ್ಟು ವರ್ಷ ಕೋವಿ ಹಿಡಿದವನಿಗೆ ಇದು ಗೊತ್ತಿರಲಿಲ್ಲ!

ರಿವಾಲ್ವರಿನ ಲೆಕ್ಕವೇ ಬೇರೆ. ಕುದುರೆ ಎತ್ತದೆ ಟ್ರಿಗರನ್ನೇ ಎಳೆದು ಹಾರಿಸುವಾಗ ಬೆರಳೇ ಮುಖ್ಯ ಸ್ಪ್ರಿಂಗನ್ನು ಅಮುಕಬೇಕು. ಅದಕ್ಕೇ ಅಲ್ಲಿ 4-5 ಕಿಲೋ ಎಳೆತ ಮಾಮೂಲು. ಸ್ಪ್ರಿಂಗ್ ಸಡಿಲವಾದರೆ ಬೆರಳಿಗೆ ಹಗುರ, ಆದರೆ ಅದೇ ಸ್ಪ್ರಿಂಗ್ ಕುದುರೆಯನ್ನೂ ಬಡಿಸಬೇಕಲ್ಲ? ಪೆಟ್ಟು ಸಾಲದೆ ತೋಟೆ ಹಾರದೆ ಉಳಿಯುವುದುಂಟು. ಅಲ್ಲೂ ಲಾಭ ಪುಕ್ಕಟೆ ಅಲ್ಲ.

ನನ್ನ ಕೋವಿ ಬಿಗಿಯಾದದ್ದು ಸ್ಪ್ರಿಂಗಿನಿಂದಲೇ ಅಲ್ಲ. ಪ್ರತಿ ಮಳೆಗಾಲಕ್ಕೆ ಮೊದಲು ನಾನೇ ತೆಂಗಿನೆಣ್ಣೆ ಬಿಡುತ್ತಿದ್ದೆ. ಅದು ಧೂಳು, ಮಸಿ ಸೇರಿ ಒಳಗೆ ಅಂಟಾಗಿ ಕೂತಿತ್ತು. ಅವರು ತೊಳೆದು, ಕಚ್ಚು ಸರಿ ಮಾಡಿ, ಸರಿಯಾದ ಸ್ಪ್ರಿಂಗ್ ಕೂರಿಸಿದರು. ಡಮ್ಮಿ ತೋಟೆ ಹಾಕಿ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯಿಂದ ಟ್ರಿಗರ್ ಎಳೆದರೆ ಮುಂದಿನದು 1.7 ಕಿಲೋ, ಹಿಂದಿನದು 1.9. ಬುಡಕ್ಕೆ ರಬ್ಬರ್ ಸುತ್ತಿಗೆಯಲ್ಲಿ ನಾಲ್ಕು ಬಾರಿ ಬಡಿದರು, ಕುದುರೆ ಕದಲಲಿಲ್ಲ. ಈಗ ನನ್ನ ಬೆರಳಿಗೂ ಕಷ್ಟವಿಲ್ಲ. ಇನ್ನು ಮೇಲೆ ಕೋವಿಗೆಂದೇ ಇರುವ ಎಣ್ಣೆ, ಅದೂ ಒಂದು ತೊಟ್ಟು ಸಾಕೆಂದರು.

ಇನ್ನೊಂದು ಮಾತನ್ನೂ ಅವರೇ ಹೇಳಿದ್ದು. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ರಿಪೇರಿ ದಂಧೆಗೂ ಲೈಸೆನ್ಸ್ ಬೇಕು. ವರ್ಕ್‌ಶಾಪಿನವನಿಗೂ ತಿಳಿಸಿದೆ. "ಇನ್ನು ಮುಟ್ಟುವುದಿಲ್ಲ ಅಣ್ಣಾ" ಅಂದ. ಪಂಪಿಗೆ ಈಗಲೂ ಅವನೇ.

ತೋಟೆಯನ್ನು ಈಗ ತೋಟದಲ್ಲೇ ತೆಗೆದು ಕಿಸೆಗೆ ಹಾಕಿ, ಕೋವಿ ಮಡಚಿಕೊಂಡೇ ಅಂಗಳಕ್ಕೆ ಬರುತ್ತೇನೆ. ಹಂಚು ಬದಲಿಸಿಯಾಯಿತು. ಪಕ್ಕಾಸಿನಲ್ಲಿ ಚೆರೆ ಹೊಕ್ಕ ತೂತುಗಳು ಹಾಗೆಯೇ ಇವೆ.