ತಿಳಿಸಾರು ಅನ್ನದಿಂದ ಸ್ನಾಯು ಉಳಿಯದು

ಅರವತ್ತು ದಾಟಿದ ಮೇಲೆ ಅನೇಕರ ಊಟ ಅನ್ನ, ತಿಳಿಸಾರು, ಒಂದು ಲೋಟ ಮಜ್ಜಿಗೆಗೆ ಬಂದು ನಿಲ್ಲುತ್ತದೆ. ಹೊಟ್ಟೆಯೇನೋ ತುಂಬುತ್ತದೆ. ಆದರೆ ಕೂತಲ್ಲಿಂದ ಏಳಲು ಕೈ ಊರಬೇಕಾಗುತ್ತದೆ. ವಯಸ್ಸಾಯಿತೆಂದು ಸುಮ್ಮನಾಗುವ ಮುಂಚೆ, ಉಂಡದ್ದು ಒಳಗೆ ಏನಾಗುತ್ತದೆ ನೋಡಿ.

ಅನ್ನ, ಮುದ್ದೆ, ರೊಟ್ಟಿಯಲ್ಲಿ ಹೆಚ್ಚಾಗಿರುವುದು ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ. ಅದು ಕರುಳಿನಲ್ಲಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಇದೇ ದೇಹದ ಮುಖ್ಯ ಇಂಧನ. ಕೂಡಲೇ ಬೇಡವಾದದ್ದು ಗ್ಲೈಕೋಜನ್ ಎಂಬ ರೂಪದಲ್ಲಿ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಉಳಿಯುತ್ತದೆ. ಅದಕ್ಕೂ ಮಿಕ್ಕಿದ್ದು ಕೊಬ್ಬಾಗುತ್ತದೆ. ಪಿಷ್ಟದ ಒಂದು ಗ್ರಾಂ 4 ಕ್ಯಾಲೊರಿ ಕೊಟ್ಟರೆ ಕೊಬ್ಬಿನದು 9.

ಪ್ರೋಟೀನಿನ ಕಥೆ ಬೇರೆ. ಕಾಳು, ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿರುವ ಇದು ಅಮೈನೋ ಆಮ್ಲಗಳೆಂಬ ಸಣ್ಣ ತುಣುಕುಗಳಾಗಿ ಒಡೆಯುತ್ತದೆ. ಸ್ನಾಯು ದಿನವೂ ಸ್ವಲ್ಪ ಸವೆಯುತ್ತದೆ, ಈ ತುಣುಕುಗಳಿಂದ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಕೊಬ್ಬಿನಂತೆ ಪ್ರೋಟೀನನ್ನು ಕೂಡಿಡಲು ದೇಹದಲ್ಲಿ ಬೇರೆ ಜಾಗವೇ ಇಲ್ಲ. ಊಟದಲ್ಲಿ ಸಾಲದೆ ಬಂದರೆ ದೇಹ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ. ಹಾಗಾಗಿ ಭಾನುವಾರದ ಬಾಡೂಟ ವಾರವಿಡೀ ಸಾಕಾಗುವುದಿಲ್ಲ. ಪ್ರತಿ ಹೊತ್ತಿನಲ್ಲೂ ಒಂದಿಷ್ಟು ಇರಬೇಕು.

ಎಷ್ಟು? ಆರೋಗ್ಯವಂತ ವಯಸ್ಕರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಮಾಣ, ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ. 60 ಕಿಲೋ ಇರುವವರಿಗೆ ದಿನಕ್ಕೆ ಸುಮಾರು 50 ಗ್ರಾಂ. ರಾಗಿ, ಅಕ್ಕಿ ಸೇರಿ 300 ಗ್ರಾಂ ಉಂಡರೆ ಹತ್ತಿರಹತ್ತಿರ 22 ಗ್ರಾಂ ಸಿಗುತ್ತದೆ. 50 ಗ್ರಾಂ ಹುರುಳಿಯಿಂದ 11, ಎರಡು ಲೋಟ ಹಾಲಿನಿಂದ 12, ಒಂದು ಹಿಡಿ ಕಡಲೆಕಾಯಿ ಬೀಜದಿಂದ 6. ಲೆಕ್ಕ ಸರಿಹೋಯಿತು. ಮೊಟ್ಟೆ ತಿನ್ನುವವರಿಗೆ ಒಂದರಿಂದ ಇನ್ನೂ 6.

ಧಾನ್ಯದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳಿನಲ್ಲಿ ಧಾರಾಳ. ಮುದ್ದೆಗೆ ಹುರುಳಿ ಬಸ್ಸಾರು ಎಷ್ಟು ಒಳ್ಳೆಯ ಜೋಡಿ ಎಂಬುದು ಇಲ್ಲಿ ತಿಳಿಯುತ್ತದೆ. ಆದರೆ ಬಸಿದ ಕಟ್ಟನ್ನಷ್ಟೇ ಉಂಡರೆ ಸಾಲದು, ಪ್ರೋಟೀನಿನ ಬಹುಪಾಲು ಕಾಳಿನಲ್ಲೇ ಉಳಿದಿರುತ್ತದೆ. ಆ ಕಾಳಿನ ಪಲ್ಯವನ್ನೂ ತಟ್ಟೆಗೆ ಹಾಕಿ. ಅಗಿಯಲಾಗದ ಹಿರಿಯರಿಗೆ ಕಾಳನ್ನು ನುಣ್ಣಗೆ ರುಬ್ಬಿ ಸಾರಿಗೇ ಸೇರಿಸಿ.

ಪ್ರೋಟೀನ್ ಪುಡಿ ಬೇಕೇ? ಸರಿಯಾಗಿ ಉಣ್ಣಬಲ್ಲವರಿಗೆ ಬೇಡ. ಆ ಡಬ್ಬಿಯ ದುಡ್ಡಿಗೆ ದಿನಸಿ ಅಂಗಡಿಯಲ್ಲಿ ತಿಂಗಳುಗಟ್ಟಲೆಯ ಹುರುಳಿ, ಹೆಸರುಕಾಳು ಬರುತ್ತದೆ. ಸೋಯಾದ ಮೀಲ್ ಮೇಕರ್‌ನಲ್ಲಂತೂ ತೂಕದ ಅರ್ಧದಷ್ಟು ಪ್ರೋಟೀನೇ.

ತಿಂದರಷ್ಟೇ ಸಾಲದು. ದುಡಿಸಿಕೊಳ್ಳದ ಸ್ನಾಯುವನ್ನು ದೇಹ ಉಳಿಸಿಕೊಳ್ಳುವುದಿಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಮೆಟ್ಟಿಲು ಹತ್ತುವುದು ಮನೆಯಲ್ಲೇ ಆಗುವ ಕೆಲಸ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ. ಉಳಿದವರು ಇವತ್ತು ರಾತ್ರಿಯೇ ಒಂದು ಹಿಡಿ ಕಾಳು ನೆನೆಹಾಕಿ.