ಸಂಬಳಕ್ಕೆ ಮೊದಲಿನ ಚಾಕರಿ

‘ಅಜ್ಜ ಕಾರಕೂನ ಆಗುವ ಮೊದಲು ಕಚೇರಿಯಲ್ಲಿ ಉಮೇದುವಾರಿ ಮಾಡಿಕೊಂಡಿದ್ದ.’ ಕುಮಟಾ, ಹೊನ್ನಾವರದ ಕಡೆಯ ಹಳೆಯ ಮನೆಗಳಲ್ಲಿ ಈ ಮಾತು ಕೇಳಿದ್ದೇನೆ. ಅಜ್ಜ ಬರೀ ಅರ್ಜಿ ಹಾಕಿ ಮನೆಯಲ್ಲಿ ಕಾಯುತ್ತಿರಲಿಲ್ಲ. ದಿನಾ ಹೋಗಿ, ಪೈಸೆ ಸಂಬಳವಿಲ್ಲದೆ, ಕಚೇರಿಯ ಕೆಲಸವನ್ನೇ ಮಾಡುತ್ತಿದ್ದ.

ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬೈ ಆಧಿಪತ್ಯಕ್ಕೆ ಸೇರಿತು. ಈ ರೂಢಿ ಮಾತ್ರ ಎರಡೂ ಕಡೆ ಒಂದೇ. ಅಮೆರಿಕದ ಅಂತರ್ಯುದ್ಧದ ಆ ವರ್ಷಗಳಲ್ಲಿ ಘಟ್ಟದ ಮೇಲಿನ ಹತ್ತಿ ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು, ಹಾಗಾಗಿ ಕಚೇರಿಯಲ್ಲಿ ಕಾಗದಪತ್ರಕ್ಕೆ ಬರವಿರಲಿಲ್ಲ. ಉಮೇದುವಾರ ಚಾಪೆಯ ಮೇಲೆ ಕೂತು ದಫ್ತರು ಬಿಚ್ಚಿ ಕಟ್ಟುವುದು, ನಕಲು ತೆಗೆಯುವುದು, ಆವಕ-ಜಾವಕ ಬರೆಯುವುದು. ಅಕ್ಷರ ದುಂಡಗಿದ್ದು, ಶಿರಸ್ತೇದಾರರ ಕಣ್ಣಿಗೆ ಬಿದ್ದು, ಯಾವುದಾದರೂ ಜಾಗ ಖಾಲಿಯಾದರೆ ಅದೃಷ್ಟ.

ಅಲ್ಲಿಯವರೆಗೆ ಹೊಟ್ಟೆಪಾಡು? ಮನೆಯಲ್ಲಿ ಗದ್ದೆಯೋ ಅಡಿಕೆ ತೋಟವೋ ಇದ್ದವರು ವರ್ಷಗಟ್ಟಲೆ ಕೂರಬಹುದಿತ್ತು. ಇಲ್ಲದವರು ನಕಲಿಗೆ ಬಂದ ರೈತನ ಎದುರು ಕೈಯೊಡ್ಡುತ್ತಿದ್ದರು. ಸರ್ಕಾರ ಉಳಿಸಿದ ಸಂಬಳವನ್ನು ರೈತ ತೆತ್ತ. ಕಚೇರಿಗಳು ಕೆಲವೇ ಮನೆತನಗಳ ಕೈಯಲ್ಲಿ ಉಳಿದದ್ದಕ್ಕೆ ಓದು, ವಶೀಲಿ ಎಷ್ಟು ಕಾರಣವೋ ಬಿಟ್ಟಿ ದುಡಿಯುವ ತಾಕತ್ತೂ ಅಷ್ಟೇ ಕಾರಣ. ಭಟ್ಕಳದ ಮೀನುಗಾರರ ಮನೆಯ ಹುಡುಗ ಆ ಚಾಪೆಯ ಹತ್ತಿರವೂ ಸುಳಿಯುವಂತಿರಲಿಲ್ಲ.

ಇದೇ ಸೀಮೆಯಲ್ಲಿ ಇನ್ನೊಂದು ಬಗೆಯ ಪರೀಕ್ಷೆಯೂ ಇತ್ತು, ನನಗೆ ಅದರ ಮೇಲೆ ಗೌರವ. ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗ ಮೊದಲು ಪೂರ್ವರಂಗದಲ್ಲಿ ಕೋಡಂಗಿಯಾಗಿ, ಬಾಲಗೋಪಾಲನಾಗಿ ಕುಣಿಯಬೇಕು. ಸಂಭಾವನೆ ಇದ್ದರೂ ಅತ್ಯಲ್ಪ. ಆದರೆ ಊಟ ಮೇಳದ್ದು, ಪಕ್ಕದಲ್ಲೇ ಹಿರಿಯ ವೇಷಧಾರಿಗಳು, ತಪ್ಪಿದ ಹೆಜ್ಜೆಗೆ ಚೌಕಿಯಲ್ಲೇ, ಅಂದರೆ ಬಣ್ಣದ ಮನೆಯಲ್ಲೇ, ಬೈಗುಳ ಮತ್ತು ಪಾಠ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಗುಣವಂತೆಯಲ್ಲಿ ಕಟ್ಟಿದ ಇಡಗುಂಜಿ ಮೇಳದಂಥವು ಕಲಾವಿದರನ್ನು ಬೆಳೆಸಿದ್ದು ಹೀಗೆ ಹತ್ತಿರ ಇಟ್ಟುಕೊಂಡು. ಕಾಲಮಿತಿ ಪ್ರದರ್ಶನಗಳು ಬಂದು ಪೂರ್ವರಂಗವನ್ನೇ ಕತ್ತರಿಸಿದಾಗ ಹೊಸಬರು ಕಳೆದುಕೊಂಡದ್ದು ಸಣ್ಣದಲ್ಲ.

ಮುಂದೆ ಸರ್ಕಾರಿ ನೌಕರಿಯಲ್ಲಿ ಸ್ಪರ್ಧಾ ಪರೀಕ್ಷೆ, ಲೋಕಸೇವಾ ಆಯೋಗ ಬಂದವು. ಕಚೇರಿಯ ಚಾಪೆ ಮಡಚಿಕೊಂಡಿತು. ಅದೀಗ ಖಾಸಗಿಯವರಲ್ಲಿ ಮತ್ತೆ ಬಿಚ್ಚಿಕೊಂಡಿದೆ. ಹೊನ್ನಾವರದ ಹುಡುಗಿಯೊಬ್ಬಳು ಬೆಂಗಳೂರಿನ ಜಾಹೀರಾತು ಸಂಸ್ಥೆಯೊಂದರ ಸಂದರ್ಶನಕ್ಕೆ ಹೋದಳು. ‘ಒಂದು ಟಾಸ್ಕ್ ಕೊಡ್ತೇವೆ’ ಎಂದರು. ಟಾಸ್ಕ್ ಎಂದರೆ ನಿಜವಾದ ಗಿರಾಕಿಯೊಬ್ಬರ ಹಬ್ಬದ ಜಾಹೀರಾತು, ಕನ್ನಡ-ಇಂಗ್ಲಿಷ್ ಎರಡರಲ್ಲೂ, ಅಳತೆ ಸಮೇತ. ನಿದ್ದೆಗೆಟ್ಟು ಮಾಡಿ ಕಳಿಸಿದಳು. ಆಮೇಲೆ ಫೋನೇ ಇಲ್ಲ. ಪಿಜಿ ಬಾಡಿಗೆ ಕಳಿಸಿದ್ದು ಮೀನು ಮಾರುವ ಅವಳ ತಾಯಿ. ಕೌಶಲ ನೋಡಲು ತಾಸು ಹೊತ್ತಿನ ಪರೀಕ್ಷೆ ಸಾಕು. ಗಿರಾಕಿಯ ಕೆಲಸವನ್ನೇ ಮಾಡಿಸಿಕೊಳ್ಳುವುದು ಕಳ್ಳತನ. ಮೇಳದ ಯಜಮಾನ ಹುಡುಗನ ಕುಣಿತವನ್ನು ಬೇರೆಯವನ ಹೆಸರಲ್ಲಿ ಮಾರುತ್ತಿರಲಿಲ್ಲ.

ಅವಳಿಗೆ ಯಾರೂ ಹೇಳದ ಸಂಗತಿಯೊಂದಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಮಿನ ಪ್ರಕಾರ ಕೃತಿಯ ಮೊದಲ ಒಡೆತನ ರಚಿಸಿದವರದು. ನೌಕರಿಯ ಕರಾರಿನಡಿ ಮಾಡಿದ್ದಾದರೆ ಸಾಮಾನ್ಯವಾಗಿ ಧಣಿಗೆ ಸೇರುತ್ತದೆ, ನಿಜ. ಇವಳಿಗೆ ನೌಕರಿಯನ್ನೇ ಕೊಟ್ಟಿರಲಿಲ್ಲವಲ್ಲ! ಹಕ್ಕು ಬಿಟ್ಟುಕೊಡುವುದೂ ಬರವಣಿಗೆಯಲ್ಲೇ ಆಗಬೇಕು ಎನ್ನುತ್ತದೆ 19ನೇ ಕಲಮು.

ನೇಮಕದ ಪತ್ರ ಕೈಗೆ ಬಂದವರಿಗೂ ನೆಮ್ಮದಿಯಿಲ್ಲ. ಇನ್ಫೋಸಿಸ್ 2022ರಲ್ಲಿ ಆರಿಸಿದ ಸುಮಾರು 2,000 ಪದವೀಧರರು ಎರಡು ವರ್ಷ ಕಾದಿದ್ದಾರೆ, 2024ರ ಜುಲೈನಲ್ಲಿ ಅವರಿಗೆ ಸಂಬಳವಿಲ್ಲದೆ ಆನ್‌ಲೈನ್ ಪೂರ್ವತರಬೇತಿ ಮಾಡಿಸಿದ್ದಾರೆ ಎಂದು ಪುಣೆಯ ನೌಕರ ಸಂಘಟನೆ ನೈಟ್ಸ್ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು. ಕೊಟ್ಟ ಮಾತು ಉಳಿಸಿಕೊಳ್ಳುತ್ತೇವೆ ಎಂದು ಸಿಇಒ ಸಲೀಲ್ ಪಾರೇಖ್ ಹೇಳಿದರು. ಕೊನೆಗೆ ಹಲವರಿಗೆ ಅಕ್ಟೋಬರ್ 7ಕ್ಕೆ ಸೇರಿಕೊಳ್ಳುವಂತೆ ಪತ್ರ ಬಂತು. ಕಾದ ಆ ಎರಡು ವರ್ಷದ ಅನ್ನ, ಬಾಡಿಗೆ ಅವರವರ ಮನೆಯವರ ಲೆಕ್ಕಕ್ಕೇ ಹೋಯಿತು.